ಹತ್ತೊಂಬತ್ತು ಸೆಂಟಿಮೀಟರಿನ ವರ್ಣಮಾಲೆ

ಹಳೆಯ ಗ್ರಾಮಫೋನು, ಹಳೆಯ ರೇಡಿಯೋ, ಹಳೆಯ ಕ್ಯಾಮರಾ ಇವನ್ನೆಲ್ಲ ರಿಪೇರಿ ಮಾಡಿ ಇಟ್ಟುಕೊಳ್ಳುವವರನ್ನು ನಮ್ಮ ಊರುಗಳಲ್ಲೂ ನೋಡಿದ್ದೀರಿ. ಹಳೆಯ ಕಂಪ್ಯೂಟರನ್ನು ಹಾಗೆ ಇಟ್ಟುಕೊಳ್ಳುವವರು ಕಡಿಮೆ. ಕಂಪ್ಯೂಟರ್ ಹಳತಾದರೆ ಅದು ಗುಜರಿಗೆ ಹೋಗಬೇಕು ಎಂಬುದು ಎಲ್ಲರ ತಿಳುವಳಿಕೆ. ಪುಣೆಯಲ್ಲಿ 2022ರಲ್ಲಿ ಹಾಗೆ ಗುಜರಿಗೆ ಹೊರಟಿದ್ದ ಒಂದು ಯಂತ್ರ ನನ್ನ ಕೈಗೆ ಬಂತು. ಅದರ ಹೆಸರು ಸ್ಪೆಕ್ಟ್ರಮ್ ಪ್ಲಸ್. ಅದರ ಕಥೆ ಹೇಳಬೇಕಾದರೆ ಕೇಂಬ್ರಿಜ್ಜಿನಿಂದ ಶುರುಮಾಡಬೇಕು.

ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಕ್ಲೈವ್ ಸಿಂಕ್ಲೇರ್ ಎಂಬ ಛಲಗಾರನಿದ್ದ. ಎಲ್ಲವನ್ನೂ ಸಣ್ಣದು ಮಾಡಬೇಕು, ಅಗ್ಗ ಮಾಡಬೇಕು ಎಂಬ ಹುಚ್ಚು ಅವನಿಗೆ. 1980ರಲ್ಲಿ ನೂರು ಪೌಂಡಿಗೆ ಐದು ಪೆನ್ನಿ ಕಡಿಮೆ ಬೆಲೆಗೆ ಒಂದು ಕಂಪ್ಯೂಟರ್ ಮಾರಿದ. ಮರುವರ್ಷ ಅದಕ್ಕಿಂತ ಅಗ್ಗದ್ದು ತಂದ. 1982ರ ಏಪ್ರಿಲ್ 23ರಂದು ಬಣ್ಣ ತೋರಿಸುವ ಸ್ಪೆಕ್ಟ್ರಮ್ ಬಂತು. 16 ಕಿಲೋಬೈಟಿನದಕ್ಕೆ 125 ಪೌಂಡು, 48ರದಕ್ಕೆ 175. ಕಿಲೋಬೈಟು ಅಂದೆ, ಗಮನಿಸಿ. ಇವತ್ತು ನೀವು ಫೋನಿನಲ್ಲಿ ತೆಗೆಯುವ ಒಂದೇ ಒಂದು ಫೋಟೋ ಅಂಥ ಹತ್ತಾರು ಯಂತ್ರಗಳ ನೆನಪಿನಲ್ಲೂ ಹಿಡಿಯುವುದಿಲ್ಲ.

ಒಳಗಿನ ವಿನ್ಯಾಸ ರಿಚರ್ಡ್ ಆಲ್ಟ್‌ವಾಸರ್ ಅವರದು, ಅದರೊಳಗಿನ ಬೇಸಿಕ್ ಭಾಷೆ ಸ್ಟೀವ್ ವಿಕರ್ಸ್ ಅವರದು, ಹೊರಗಿನ ರೂಪ ರಿಕ್ ಡಿಕಿನ್ಸನ್ ಅವರದು. ಝಡ್80 ಎಂಬ ಪ್ರೊಸೆಸರು, ವೇಗ ಸೆಕೆಂಡಿಗೆ 35 ಲಕ್ಷ ಮಿಡಿತ. ಮಾನಿಟರ್ ಬೇಡ, ಮನೆಯ ಟಿ.ವಿ.ಯೇ ಸಾಕು. ಡಿಸ್ಕ್ ಬೇಡ, ಹಾಡು ಕೇಳುವ ಟೇಪ್‌ರೆಕಾರ್ಡರೇ ಸಾಕು. ಬಡವರ ಮನೆಗೆ ಕಂಪ್ಯೂಟರ್ ಹೋಗಲಿ ಅಂತ ಅಲ್ಲದಿದ್ದರೂ, ದುಡ್ಡು ಉಳಿಸುವ ಈ ಹಟದಿಂದ ಅದು ಬಹಳ ಮನೆಗಳಿಗೆ ಹೋಯಿತು. ಒಟ್ಟು ಐವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. 1984ರ ಅಕ್ಟೋಬರಿನಲ್ಲಿ ರಬ್ಬರ್ ಕೀಲಿಗಳ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ಕೀಲಿಗಳು ಬಂದು ಅದು ಸ್ಪೆಕ್ಟ್ರಮ್ ಪ್ಲಸ್ ಆಯಿತು. 1986ರ ಏಪ್ರಿಲಿನಲ್ಲಿ ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯವಹಾರವನ್ನು 50 ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್ ಕಂಪನಿಗೆ ಮಾರಿದ. 2021ರ ಸೆಪ್ಟೆಂಬರಿನಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ ಆಗ ಏನು ನಡೆದಿತ್ತು? 1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂತು, ಆಮದಿನ ಬಿಗಿ ಸ್ವಲ್ಪ ಸಡಿಲವಾಯಿತು. ಅದೇ ಸುಮಾರಿಗೆ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಯೋಜನೆ ಶುರುವಾಯಿತು. ಅದಕ್ಕೆ ಆರಿಸಿದ್ದು ಸಿಂಕ್ಲೇರನ ಎದುರಾಳಿಯಾದ ಏಕಾರ್ನ್‌ನವರ ಬಿಬಿಸಿ ಮೈಕ್ರೋ. ಸರ್ಕಾರಿ ಸಂಸ್ಥೆಯಾದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸಿತು. ನಿಮ್ಮಲ್ಲಿ ಯಾರಾದರೂ ಆ ಕಾಲದಲ್ಲಿ ದೊಡ್ಡ ಶಾಲೆಯಲ್ಲಿ ಓದಿದ್ದರೆ, ಬೀಗ ಹಾಕಿದ ಕೋಣೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತ ಬಿಬಿಸಿಯನ್ನು ನೋಡಿರಬಹುದು. ಅದು ಶಾಲೆಯ ಯಂತ್ರ. ಮನೆಯ ಯಂತ್ರ ಬಂದಿದ್ದು 1986ರಲ್ಲಿ. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಮಾರತೊಡಗಿತು. ಕೆಲವು ಸಾವಿರ ಮಾರಾಟವಾದವು, 1990ರ ಹೊತ್ತಿಗೆ ಆ ಪೇಟೆ ಮುಗಿಯಿತು. ಅಷ್ಟರಲ್ಲಿ ‘ಪಿಸಿ’ ಬಂದಿತ್ತು. ಬೇರೆ ದೇಶಗಳಲ್ಲಿ ಸ್ಪೆಕ್ಟ್ರಮ್ಮಿನ ಇತಿಹಾಸ ಬರೆಯುವವರು ಈ ಭಾರತದ ಅಧ್ಯಾಯಕ್ಕೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಅವರದೇನೂ ತಪ್ಪಲ್ಲ. ನಾವೇ ಬರೆದಿಟ್ಟುಕೊಳ್ಳಲಿಲ್ಲ.

ಆ ಕೆಲವು ಸಾವಿರದಲ್ಲಿ ಒಂದನ್ನು ನಮ್ಮ ಸೊಸೈಟಿಯ ಕಾಕಾ 1988ರಲ್ಲಿ ಕೊಂಡಿದ್ದರು. ಧಾರವಾಡದವರು, ಚಿಂಚವಡದ ಕಡೆಯ ಒಂದು ಕಾರ್ಖಾನೆಯಲ್ಲಿ ಇಲೆಕ್ಟ್ರಿಕಲ್ ವಿಭಾಗದಲ್ಲಿ ನೌಕರಿ. ಮೂರು ದಶಕದ ಮೇಲೆ ಪುಣೆಯ ಮನೆ ಮುಚ್ಚಿ ಧಾರವಾಡಕ್ಕೆ ಹೊರಟಾಗ ಅಟ್ಟದ ಮೇಲಿನ ಡಬ್ಬಿ ಕೆಳಗೆ ಬಂತು. ಯಂತ್ರದ ಜೊತೆಗೆ ಒಂದು ಕ್ಯಾಸೆಟ್ಟೂ ಇತ್ತು. ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ‘ಅಕ್ಷರ’ ಅಂತ ಬರೆದಿತ್ತು. ಮಗಳಿಗೆ ಕನ್ನಡ ಕಲಿಸಲಿಕ್ಕೆ ತಾವೇ ಬರೆದ ಪ್ರೋಗ್ರಾಂ ಅದು ಎಂದರು. “ಸಾಲ್ಯಾಗ ಮರಾಠಿ ಕಲಿಸ್ತಿದ್ರು, ಇಂಗ್ಲಿಷ್ ಕಲಿಸ್ತಿದ್ರು. ಕನ್ನಡ ಯಾರ್ ಕಲಸ್ಬೇಕು? ಪುಸ್ತಕ ಕೊಟ್ರ ಓಡಿ ಹೋಗ್ತಿದ್ಲು. ಟಿ.ವಿ. ಮ್ಯಾಲೆ ಬಂದ್ರ ಕೂಡ್ತಿದ್ಲು,” ಅಂದರು. ಹೊರಗೆ ಇರುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಊರಿನಲ್ಲಿರುವವರಿಗೆ ಹೇಳಬೇಕು: ಇಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತವೆ, ಓದಲು ಬರುವುದಿಲ್ಲ. ಅಜ್ಜಿಯ ಪತ್ರ ಬಂದರೆ ಅಪ್ಪ ಓದಿ ಹೇಳಬೇಕು. ಕಾಕಾ ಆ ಗೋಡೆಗೆ ಈ ಯಂತ್ರದಿಂದ ಕನ್ನ ಕೊರೆಯಲು ನೋಡಿದ್ದರು.

ಆದರೆ ಯಂತ್ರಕ್ಕೆ ಕನ್ನಡ ಎಲ್ಲಿ ಗೊತ್ತು? ಸ್ಪೆಕ್ಟ್ರಮ್ಮಿನ ಪರದೆ ಅಡ್ಡಕ್ಕೆ 256 ಚುಕ್ಕೆ, ಉದ್ದಕ್ಕೆ 192. ಅದು 32 ಗುಣಿಲೆ 24 ಚೌಕಗಳಾಗಿ ಹಂಚಿಹೋಗಿದೆ. ಒಂದೊಂದು ಚೌಕದಲ್ಲಿ 8 ಗುಣಿಲೆ 8 ಚುಕ್ಕೆ, ಅಂದರೆ 8 ಬೈಟು. ಬಳಸುವವರು ತಮಗೆ ಬೇಕಾದ ಚಿತ್ರ ಬರೆದುಕೊಳ್ಳಲಿ ಅಂತ 21 ಚೌಕಗಳನ್ನು ಬಿಟ್ಟುಕೊಟ್ಟಿದ್ದಾರೆ. ಕನ್ನಡದ ಮೂಲಾಕ್ಷರಗಳೇ 49. ಮೇಲಾಗಿ ನಮ್ಮ ಅಕ್ಷರ ಒಂದು ಚೌಕದಲ್ಲಿ ಕೂಡುವುದಿಲ್ಲ. ‘ಗ’ ಹೇಗೋ ಕೂತೀತು, ‘ಖ’, ‘ಝ’, ‘ಋ’ ಇವೆಲ್ಲ ಎಂಟು ಚುಕ್ಕೆಯ ಅಗಲದಲ್ಲಿ ಉಸಿರುಗಟ್ಟುತ್ತವೆ. ಒಂದಕ್ಕೆ ಎರಡು ಚೌಕ ಬೇಕೇ ಬೇಕು.

ಕಾಕಾ ಕಂಡುಕೊಂಡ ಉಪಾಯ ಇಂದಿಗೂ ನನಗೆ ಮೆಚ್ಚುಗೆ. ಯಂತ್ರ ತನ್ನ ಇಂಗ್ಲಿಷ್ ಅಕ್ಷರಗಳ ಆಕಾರವನ್ನು ಎಲ್ಲಿಂದ ಓದಬೇಕು ಎಂಬುದು ನೆನಪಿನ 23606 ಮತ್ತು 23607ನೇ ಮನೆಗಳಲ್ಲಿ ಬರೆದಿರುತ್ತದೆ. ಅಲ್ಲಿ 88 ಮತ್ತು 251 ಎಂಬ ಸಂಖ್ಯೆಗಳನ್ನು ತುಂಬಿದರೆ ಅದು ತನ್ನ ಮೂಲ ಅಕ್ಷರಗಳನ್ನು ಬಿಟ್ಟು 64600ನೇ ಮನೆಯಿಂದ ನಾವು ಬರೆದ ಆಕಾರಗಳನ್ನು ಓದಲು ಶುರುಮಾಡುತ್ತದೆ. ಅಲ್ಲಿ 96 ಚೌಕಗಳಿಗೆ ಜಾಗ. ‘ಅಂ’, ‘ಅಃ’ ಬಿಟ್ಟರೆ 47 ಅಕ್ಷರ, ಎರಡೆರಡರಂತೆ 94 ಚೌಕ. ಒಂದು ಖಾಲಿ ಚೌಕ ಬೇಕು, ಶಬ್ದಗಳ ನಡುವಿನ ಜಾಗಕ್ಕೆ. ಇನ್ನೊಂದು ಸೊನ್ನೆಗೆ. ಅಲ್ಲಿಗೆ 96! ವಿಸರ್ಗಕ್ಕೆ ಜಾಗ ಸಾಲದೆ, ಅದನ್ನು ಆ 21ರ ಪೈಕಿ ಒಂದು ಚೌಕಕ್ಕೆ ಕಳಿಸಿದ್ದರು. ಕಾಗುಣಿತ, ಒತ್ತಕ್ಷರಗಳ ಗೋಜಿಗೆ ಹೋಗಿರಲಿಲ್ಲ. ‘ಅಗಸ’, ‘ಕಮಲ’, ‘ಗರಗಸ’ ಇಂಥ ಪದಗಳಷ್ಟೇ. ಇಡೀ ವರ್ಣಮಾಲೆ 768 ಬೈಟು.

ಅದೇ 1988ರಲ್ಲಿ, ಅದೇ ಪುಣೆಯಲ್ಲಿ, ಸಿ-ಡ್ಯಾಕ್ ಸಂಸ್ಥೆ ಶುರುವಾಯಿತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ‘ಜಿಸ್ಟ್’ ತಂತ್ರಜ್ಞಾನ ಅಲ್ಲಿಗೆ ಬಂದು ಬೆಳೆಯಿತು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ‘ಇಸ್ಕಿ’ ಸಂಕೇತ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು, ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೂ ಅದೇ ವರ್ಷ. ಅವರು ಅಕ್ಷರದ ಧ್ವನಿಗೆ ಸಂಖ್ಯೆ ಕೊಟ್ಟರು, ಆಕಾರವನ್ನು ಆಮೇಲೆ ಕೂಡಿಸಿಕೊಂಡರು. ಆದ್ದರಿಂದ ‘ಕ’ದಿಂದ ‘ಕಿ’, ‘ಕ್ಕ’ ಎಲ್ಲ ಹುಟ್ಟಿದವು. ಕಾಕಾ ಆಕಾರಕ್ಕೇ ಗಂಟುಬಿದ್ದರು, ಅಲ್ಲಿಗೇ ನಿಂತರು. ಸರಿಯಾದ ದಾರಿ ಅವರದಲ್ಲ, ಇವರದು. ಆದರೆ ಜಿಸ್ಟ್ ಕಾರ್ಡು ಕಚೇರಿಗಳ ಪಿಸಿಗೆ. ಮನೆಯ ಟಿ.ವಿ.ಯ ಮುಂದೆ ಕೂತ ಆರು ವರ್ಷದ ಹುಡುಗಿಗೆ ಆ ಹೊತ್ತಿಗೆ ಸಿಕ್ಕಿದ್ದು ಕಾಕಾನ 768 ಬೈಟು.

ಇನ್ನು ರಿಪೇರಿಯ ವಿಷಯ. ಯಂತ್ರ ಸತ್ತಿತ್ತು. ಮೊದಲು ನೋಡಬೇಕಾದ್ದು ಕರೆಂಟು. ಈ ಯಂತ್ರಕ್ಕೆ 9 ವೋಲ್ಟಿನ ಅಡಾಪ್ಟರ್ ಬೇಕು, ಆದರೆ ಅದರ ಪಿನ್ನಿನ ನಡುಭಾಗ ಋಣ. ಈಗ ಪೇಟೆಯಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳ ನಡುಭಾಗ ಧನ. ಪಿನ್ನು ಸರಿಯಾಗಿ ಕೂಡುತ್ತದೆ, ಯಂತ್ರ ಸುಡುತ್ತದೆ. ಹಳೆಯ ಸ್ಪೆಕ್ಟ್ರಮ್ ಯಾರ ಮನೆಯಲ್ಲಾದರೂ ಸಿಕ್ಕರೆ, ದಯವಿಟ್ಟು, ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಅಷ್ಟು ನೆನಪಿಟ್ಟರೆ ಈ ಲೇಖನ ಓದಿದ್ದಕ್ಕೆ ಸಾರ್ಥಕ.

ಸರಿಯಾದ ಅಡಾಪ್ಟರ್ ಹಾಕಿದಾಗ ಟಿ.ವಿ.ಯ ಮೇಲೆ ಬಂದದ್ದು ಗೆರೆಗಳು. ಮೇಲಿಂದ ಕೆಳಗೆ ನೆಟ್ಟಗೆ, ಸಮಾನ ಅಂತರದಲ್ಲಿ, 32 ಗೆರೆ. ಇದು ಬಹಳ ಒಳ್ಳೆಯ ಲಕ್ಷಣ. ಸ್ಪೆಕ್ಟ್ರಮ್ಮಿನಲ್ಲಿ ಪರದೆಯ ಚಿತ್ರ ಇರುವುದು ಕೆಳಗಿನ 16 ಕಿಲೋಬೈಟಿನ ನೆನಪಿನಲ್ಲಿ. ಆ ನೆನಪು 4116 ಎಂಬ ಎಂಟು ಚಿಪ್ಪುಗಳಿಂದ ಆದದ್ದು. ಪ್ರತಿ ಬೈಟಿನ ಎಂಟು ಬಿಟ್ಟುಗಳಲ್ಲಿ ಒಂದೊಂದನ್ನು ಒಂದೊಂದು ಚಿಪ್ಪು ಇಟ್ಟುಕೊಳ್ಳುತ್ತದೆ. ಒಂದು ಚಿಪ್ಪು ಹೋದರೆ ಪ್ರತಿ ಎಂಟು ಚುಕ್ಕೆಗೆ ಒಂದು ಚುಕ್ಕೆ ಕೆಡುತ್ತದೆ, ಅದೇ ಗೆರೆ. ಗೆರೆ ಚೌಕದ ಎಷ್ಟನೇ ಚುಕ್ಕೆಯಲ್ಲಿದೆ ಅಂತ ಎಣಿಸಿದರೆ ಯಾವ ಚಿಪ್ಪು ಸತ್ತಿದೆ ಅಂತ ಯಂತ್ರವೇ ಹೇಳಿದ ಹಾಗೆ. ಈಗಿನ ಯಾವ ಫೋನೂ ತನ್ನ ರೋಗವನ್ನು ಇಷ್ಟು ನೇರವಾಗಿ ಹೇಳುವುದಿಲ್ಲ.

ಮೇಲಿನ 32 ಕಿಲೋಬೈಟಿನದು ಇನ್ನೊಂದು ತಮಾಷೆ. ಅಲ್ಲಿರುವುದು 64ರ ಚಿಪ್ಪುಗಳು, ಆದರೆ ಅರ್ಧ ಕೆಟ್ಟವು. ಕಾರ್ಖಾನೆಯಲ್ಲಿ ಒಂದು ಭಾಗ ಫೇಲಾದ ಚಿಪ್ಪುಗಳನ್ನು ಅಗ್ಗಕ್ಕೆ ಕೊಂಡು, ಚೆನ್ನಾಗಿರುವ ಅರ್ಧವನ್ನು ಮಾತ್ರ ಬಳಸುವ ಯೋಜನೆ ಸಿಂಕ್ಲೇರನದು. ಕೊಳೆತ ಭಾಗ ಕೊಯ್ದು ಉಳಿದ ಬದನೆಕಾಯಿ ಪಲ್ಯಕ್ಕೆ ಹಾಕುವ ನಮ್ಮ ತಾಯಂದಿರಿಗೆ ಇದು ಹೊಸದಲ್ಲ.

4116 ಹುಡುಕಿಕೊಂಡು ಮೊದಲು ಹೋಗಿದ್ದು ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ. ಬೆಂಗಳೂರಿನ ಎಸ್.ಪಿ. ರೋಡಿನ ತಮ್ಮ ಅನ್ನಬಹುದು. ಅಲ್ಲಿ ಕೆಪ್ಯಾಸಿಟರುಗಳು, ಐ.ಸಿ. ಸಾಕೆಟ್ಟು, ಎರಡು ಟ್ರಾನ್ಸಿಸ್ಟರ್ ಸಿಕ್ಕವು. ಚಿಪ್ಪು ಸಿಕ್ಕಿದ್ದು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ನೂರಾರು ಬೇರೆ ಚಿಪ್ಪುಗಳ ನಡುವೆ. ನಾಲ್ಕು ಕೊಂಡೆ. ಮಾಲೀಕರು ಹಣ ತೆಗೆದುಕೊಳ್ಳುವ ಮೊದಲು ಇದು ಯಾವುದಕ್ಕೆ ಅಂತ ಕೇಳಿದರು, ಹೇಳಿದೆ, ನಕ್ಕರು. ಸತ್ತ ಚಿಪ್ಪು ತೆಗೆದು ಅಲ್ಲಿ ಸಾಕೆಟ್ ಹಾಕಿ ಹೊಸದನ್ನು ಕೂಡಿಸಿದಾಗ ಗೆರೆಗಳು ಹೋಗಿ ಬಿಳಿ ಪರದೆಯ ಕೆಳಗೆ ‘1982 ಸಿಂಕ್ಲೇರ್ ರಿಸರ್ಚ್’ ಎಂಬ ಸಾಲು ಬಂತು.

ಕೀಲಿಮಣೆ ಮಾತ್ರ ಮೂಕ. ಒಳಗಿನ ಪ್ಲಾಸ್ಟಿಕ್ ಪದರದ ಪಟ್ಟಿ ಒಣಗಿ ಹಪ್ಪಳದಂತೆ ಮುರಿದಿತ್ತು. ಹೊಸ ಪದರವನ್ನು ಇಂಗ್ಲೆಂಡಿನಲ್ಲಿ ಈಗಲೂ ಹವ್ಯಾಸಿಗಳಿಗಾಗಿ ಮಾಡುತ್ತಾರೆ, ತರಿಸಿದೆ.

ಇಲ್ಲಿಯ ತನಕ ಬರೀ ರಿಪೇರಿ. ಮಾರ್ಪಾಡು ಮಾಡಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ, ಹಳೆಯ ಯಂತ್ರದವರಲ್ಲಿ ಅದರ ಬಗ್ಗೆ ಮಡಿವಂತಿಕೆಯ ಜಗಳವೇ ಇದೆ. ಮೂಲದ ಒಂದು ಸ್ಕ್ರೂ ಕೂಡ ಬದಲಿಸಬಾರದು ಎನ್ನುವವರು ಒಂದು ಕಡೆ. ಒಳಗೆಲ್ಲ ಹೊಸದು ತುಂಬಿ ಡಬ್ಬಿ ಮಾತ್ರ ಹಳೆಯದು ಉಳಿಸುವವರು ಇನ್ನೊಂದು ಕಡೆ. ನಾನು ಕಾಕಾನನ್ನು ಕೇಳಿದೆ, ಯಂತ್ರ ಅವರದು. “ಒಳಗ ಏನರ ಬದಲಾಸಪಾ. ಡಬ್ಬಿಗೆ ಮಾತ್ರ ತೂತ ಹೊಡೀಬ್ಯಾಡ,” ಅಂದರು. ಅದನ್ನೇ ಕಾಯಿದೆ ಮಾಡಿಕೊಂಡೆ.

ಹಾಗಾಗಿ ಮೂರು ಮಾರ್ಪಾಡು. ಯಂತ್ರದಿಂದ ಟಿ.ವಿ.ಗೆ ಚಿತ್ರ ಹೋಗುವುದು ಆಂಟೆನಾದ ದಾರಿಯಲ್ಲಿ, ಒಂದು ಪುಟ್ಟ ಪ್ರಸಾರ ಕೇಂದ್ರದ ಹಾಗೆ. ಚಿತ್ರ ಮಸುಕು. ಆ ಪೆಟ್ಟಿಗೆಯೊಳಗಿನ ಕೊಂಡಿಯನ್ನು ಬಿಡಿಸಿ ಚಿತ್ರದ ಸಂಕೇತವನ್ನು ನೇರ ಅದೇ ತೂತಿಗೆ ಬೆಸೆದರೆ, ಟಿ.ವಿ.ಯ ಹಳದಿ ಎ.ವಿ. ಸಾಕೆಟ್ಟಿಗೆ ಚೊಕ್ಕಟ ಚಿತ್ರ ಬರುತ್ತದೆ. ಎರಡನೆಯದು 7805 ಎಂಬ ರೆಗ್ಯುಲೇಟರು. 9 ವೋಲ್ಟನ್ನು 5 ಮಾಡಿ, ಉಳಿದದ್ದನ್ನೆಲ್ಲ ಬಿಸಿಯಾಗಿ ಹೊರಹಾಕುತ್ತದೆ. ಪುಣೆಯ ಏಪ್ರಿಲಿನಲ್ಲಿ ಅದರ ಮೇಲೆ ಕೈ ಇಡಲು ಆಗುವುದಿಲ್ಲ. ಅಷ್ಟೇ ಗಾತ್ರದ, ಬಿಸಿಯಾಗದ ಹೊಸ ಬಗೆಯದನ್ನು ಹಾಕಿದೆ. ಮೂರನೆಯದು ಬೆನ್ನಿಗೆ ಚುಚ್ಚುವ, ಎಸ್.ಡಿ. ಕಾರ್ಡಿನಿಂದ ಪ್ರೋಗ್ರಾಂ ಓದುವ ಪೆಟ್ಟಿಗೆ. ಕಳಚಿದರೆ ಯಂತ್ರ ಮೊದಲಿನಂತೆಯೇ. ತೆಗೆದ ಭಾಗಗಳನ್ನೆಲ್ಲ ಚೀಟಿ ಅಂಟಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಂದಹಾಗೆ, ಝಡ್80ರ ಬಿಡಿ ಚಿಪ್ಪು ತಯಾರಿಸುವುದನ್ನು ನಿಲ್ಲಿಸುವುದಾಗಿ ಝೈಲಾಗ್ ಕಂಪನಿ 2024ರ ಏಪ್ರಿಲಿನಲ್ಲಿ ಹೇಳಿತು. ಒಂದು ಹೆಚ್ಚಿಗೆ ಕೊಂಡಿಟ್ಟೆ.

ಇಷ್ಟೆಲ್ಲ ಆದದ್ದು ಆ ಕ್ಯಾಸೆಟ್ಟಿಗಾಗಿ. ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ ಅದು. ತುದಿಯ ತೂತಿಗೆ ಟೇಪು ಅಂಟಿಸಿ ಅದರ ಮೇಲೆ ಪ್ರೋಗ್ರಾಂ ರೆಕಾರ್ಡ್ ಮಾಡಿದ್ದರು. ಕೀರಲು ಸದ್ದು ಮುಗಿದ ತಕ್ಷಣ ಭೀಮಸೇನ ಜೋಶಿಯವರ ದಾಸವಾಣಿ ನಡುವಿನಿಂದ ಶುರುವಾಗುತ್ತದೆ.

ಸ್ಪೆಕ್ಟ್ರಮ್ ತನ್ನ ಬಿಟ್ಟುಗಳನ್ನು ಸದ್ದಿನಲ್ಲಿ ಬರೆಯುತ್ತದೆ. ಸೊನ್ನೆಗೆ ಸುಮಾರು 2000 ಹರ್ಟ್ಸಿನ ಒಂದು ಅಲೆ, ಒಂದಕ್ಕೆ ಸುಮಾರು 1000 ಹರ್ಟ್ಸಿನ ಒಂದು ಅಲೆ. ಸರಾಸರಿ ಸೆಕೆಂಡಿಗೆ 1500 ಬಿಟ್ಟು. ಹಾಗಾದರೆ 768 ಬೈಟಿನ ನಮ್ಮ ವರ್ಣಮಾಲೆ ನಾಲ್ಕು ಸೆಕೆಂಡಿನ ಸದ್ದು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅ ಇಂದ ಳ ತನಕ ಎಲ್ಲ ಸೇರಿ ಸುಮಾರು 19 ಸೆಂಟಿಮೀಟರ್ ಟೇಪು, ಒಂದು ಗೇಣಿನಷ್ಟು. ಆ ಒಂದು ಗೇಣಿನಲ್ಲಿ ಒಂದು ಕಡೆ ಮಡಿಕೆ ಬಿದ್ದಿತ್ತು.

ಯಂತ್ರಕ್ಕೆ ಹಾಕಿದರೆ ಬೇಸಿಕ್ ಪ್ರೋಗ್ರಾಂ ಸಲೀಸಾಗಿ ಬರುತ್ತಿತ್ತು. ಅಕ್ಷರದ ಭಾಗಕ್ಕೆ ಬಂದ ಕೂಡಲೇ ‘ಆರ್ ಟೇಪ್ ಲೋಡಿಂಗ್ ಎರರ್’. ಟೇಪ್‌ರೆಕಾರ್ಡರಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಸದ್ದು ಚೂಪು ಮಾಡಿದೆ, ಬೆಲ್ಟ್ ಬದಲಿಸಿದೆ. ಎರರ್ ಅಲ್ಲೇ. ಕೊನೆಗೆ ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಅಲೆಗಳನ್ನು ಹಿಗ್ಗಿಸಿ ಕಣ್ಣಿಂದಲೇ ಓದತೊಡಗಿದೆ. ಮಡಿಕೆ ಎರಡು ಮಿಲಿಮೀಟರ್ ಇದ್ದೀತು. ಅಷ್ಟರಲ್ಲಿ ಹೋದದ್ದು 8 ಬೈಟು: ‘ಝ’ದ ಬಲಚೌಕದ ಕೆಳಗಿನ ನಾಲ್ಕು ಸಾಲು, ‘ಞ’ದ ಎಡಚೌಕದ ಮೇಲಿನ ನಾಲ್ಕು ಸಾಲು. ಮಿಕ್ಕಿದ್ದೆಲ್ಲ ಇತ್ತು. ಆ ಎಂಟರ ಜಾಗದಲ್ಲಿ ಸೊನ್ನೆ ತುಂಬಿ ಎಸ್.ಡಿ. ಕಾರ್ಡಿನಿಂದ ಓಡಿಸಿದಾಗ ಟಿ.ವಿ.ಯ ಮೇಲೆ ‘ಅ’ ಬಂತು, ಒಂದು ಬೀಪ್ ಸದ್ದು ಬಂತು, ಆಮೇಲೆ ‘ಆ’. ಈಗ ನಲವತ್ತರ ಹರೆಯದ ಮಗಳು ಅವತ್ತು ಬಂದಿದ್ದಳು. ಸದ್ದು ನೆನಪಿದೆ ಅಂದಳು. ಪರದೆ ನೋಡುತ್ತ ‘ಕಮಲ’ ಓದಿದಳು. ‘ಗರಗಸ’ಕ್ಕೆ ಸ್ವಲ್ಪ ತಡೆದಳು.

ಆ 8 ಬೈಟನ್ನು ನಾನೇ ಅಂದಾಜಿನಿಂದ ತುಂಬಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಪ್ರತಿ ತುಂಡಿನ ಕೊನೆಗೆ ಸ್ಪೆಕ್ಟ್ರಮ್ ಒಂದು ತಾಳೆಯ ಬೈಟನ್ನು ಬರೆದಿರುತ್ತದೆ. ತುಂಡಿನ ಪ್ರತಿ ಅಡ್ಡಸಾಲನ್ನೂ ಒಂದರ ಮೇಲೊಂದು ಇಟ್ಟು, ಒಂದೊಂದು ಕಂಬದಲ್ಲಿ ಒಟ್ಟು ಚುಕ್ಕೆ ಸರಿಯೋ ಬೆಸವೋ ಅನ್ನುವ ಲೆಕ್ಕ ಅದು. ಉಳಿದ 760 ಬೈಟು ಗೊತ್ತಿದ್ದರೆ, ಕಳೆದುಹೋದ ಎಂಟರಲ್ಲಿ ಪ್ರತಿ ಕಂಬದ ಸರಿ-ಬೆಸ ಗೊತ್ತಾದ ಹಾಗೆ. ಬರೆಯಲಿಕ್ಕೆ ಅದು ಸಾಲದು, ಬರೆದದ್ದನ್ನು ಒರೆಗೆ ಹಚ್ಚಲು ಸಾಕು.

ಧಾರವಾಡಕ್ಕೆ ಫೋನ್ ಮಾಡಿದೆ. ಕಾಕಾನ ಮೂಲ ಗ್ರಾಫ್ ಪುಸ್ತಕ ಎಂದೋ ಹೋಗಿತ್ತು. “ತಲ್ಯಾಗ ಇಲ್ಲಪಾ. ಕೈಯಾಗ ಇದ್ದೀತು, ಬರದ್ ನೋಡೂಣು,” ಅಂದರು. ಎರಡು ದಿನದ ಮೇಲೆ ಚೌಕಳಿ ಹಾಳೆಯ ಫೋಟೋ ಕಳಿಸಿದರು. ಲೆಕ್ಕ ಹಾಕಿದೆ. ಆರು ಕಂಬ ತಾಳೆಯಾದವು, ಅಕ್ಕಪಕ್ಕದ ಎರಡು ಆಗಲಿಲ್ಲ. ಒಂದು ಚುಕ್ಕೆ ಒಂದು ಮನೆ ಆಚೀಚೆ ಸರಿದರೆ ಆಗುವುದು ಹೀಗೆಯೇ. ಯಾವ ಕಂಬ ಅಂತ ನಾನು ಹೇಳಲಿಲ್ಲ, ಇನ್ನೊಮ್ಮೆ ಬರೆಯಿರಿ ಅಂದೆ, ಅಷ್ಟೇ. ಮೂರನೆಯ ಹಾಳೆಯಲ್ಲಿ ‘ಝ’ದ ಬಲಗಡೆಯ ಕೊಂಡಿಯನ್ನು ಒಂದು ಚುಕ್ಕೆ ಒಳಗೆ ಎಳೆದಿದ್ದರು. ಎಂಟೂ ಕಂಬ ತಾಳೆಯಾದವು.

ಸುಮ್ಮನೆ ಬರೆದರೂ ತಾಳೆಯಾಗುವ ಸಂಭವ 256ರಲ್ಲಿ ಒಂದು, ಮೂರು ಸಲ ಬರೆದರೆ ಇನ್ನಷ್ಟು. ಆದ್ದರಿಂದ ಇದನ್ನು ಪುರಾವೆ ಅನ್ನಲಾರೆ. ಕಾರ್ಡಿನಲ್ಲಿ ಎರಡೂ ಪ್ರತಿ ಇವೆ: ಎಂಟು ಬೈಟು ಖಾಲಿ ಇರುವ 1988ರದು ಒಂದು, ಕಾಕಾ 2024ರಲ್ಲಿ ತುಂಬಿದ್ದು ಒಂದು. ಯಂತ್ರ ಈಗ ಧಾರವಾಡದಲ್ಲಿದೆ. ಅಡಾಪ್ಟರಿನ ಮೇಲೆ ‘ಇದಕ್ಕ ಇದೇ’ ಅಂತ ಕಾಕಾ ಚೀಟಿ ಅಂಟಿಸಿದ್ದಾರೆ. ಕ್ಯಾಸೆಟ್ಟು ನನ್ನ ಹತ್ತಿರ ಇದೆ. ದಾಸವಾಣಿಯ ಆ ಬದಿ ಇನ್ನೂ ಇಳಿಸಿಕೊಳ್ಳುವುದಿದೆ.